ಚೌಡಪ್ಪ ಮೇಸ್ತ್ರಿ ಕೇಳಿದ ಎಂಟು ದಿನ

ಚೌಡಪ್ಪ ಮೇಸ್ತ್ರಿ ಎಂಜಿನ್ನಿನ ಸದ್ದನ್ನು ಹಲ್ಲಿನಿಂದ ಕೇಳುತ್ತಿದ್ದರು. ಒಂದು ಮೊಳದ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಓಡುತ್ತಿರುವ ಎಂಜಿನ್ನಿನ ಮೈಗೆ ಒತ್ತಿ, ಇನ್ನೊಂದು ತುದಿಯನ್ನು ಮುಂಬಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಂತುಬಿಡುವರು. ಮೊದಲ ಸಲ ನೋಡಿದಾಗ ಏನೋ ಹರಕೆಯಿರಬೇಕು ಎಂದುಕೊಂಡಿದ್ದೆ. ಪ್ರಾಯದಲ್ಲಿ ಜೋಗದ ಕಡೆ ಬಂಡೆ ಕೊರೆಯುವ ಕೆಲಸಕ್ಕೆ ಹೋಗಿ, ಹತ್ತು ಹನ್ನೊಂದು ವರ್ಷ ಕಂಪ್ರೆಸರಿನ ಪಕ್ಕದಲ್ಲೇ ನಿಂತು ಅವರ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ ಉಳಿದಿತ್ತು. "ಕಿವಿ ಹೋದ್ರೆ ಎಂತ ಆಯ್ತು, ತಲೆಬುರುಡೆ ಉಂಟಲ್ಲ" ಎನ್ನುತ್ತಿದ್ದರು. ಸಲಾಕೆಯಿಂದ ಹಲ್ಲಿಗೆ, ಹಲ್ಲಿನಿಂದ ಬುರುಡೆಗೆ ಏರಿ ಬಂದ ಸದ್ದನ್ನು ಕೇಳಿ, ಯಾವ ಬೇರಿಂಗ್ ಸವೆದಿದೆ, ಯಾವ ವಾಲ್ವ್ ಸರಿಯಾಗಿ ಕೂರುತ್ತಿಲ್ಲ ಎಂದು ಹೇಳುವರು. ಬಿಚ್ಚಿ ನೋಡಿದರೆ ಹಾಗೆಯೇ ಇರುತ್ತಿತ್ತು.

ಅರವತ್ತರ ದಶಕದ ಮೊದಲ ವರ್ಷಗಳು ಅವು. ಶರಾವತಿಗೆ ಕಟ್ಟುತ್ತಿದ್ದ ಅಣೆಕಟ್ಟಿನ ನೀರು ನಿಂತರೆ ಹಳೆಯ ರಸ್ತೆ ಮುಳುಗುತ್ತದೆಂದು ಸಾಗರ, ಹೊಸನಗರದ ನಡುವೆ ಗುಡ್ಡ ಕಡಿದು ಒಂದು ಹೊಸ ರಸ್ತೆ ಮಾಡಿಸುತ್ತಿದ್ದರು. ಆ ಕೆಲಸ ಹಿಡಿದಿದ್ದ ಕಂಟ್ರಾಕ್ಟರರ ತಗಡಿನ ವರ್ಕ್‌ಶಾಪ್ ಸಾಗರದ ಹೊರಗಿತ್ತು. ನಾನು ಅಲ್ಲಿಯ ಸೂಪರ್ವೈಸರ್. ತೀರ್ಥಹಳ್ಳಿಯ ಮೇಷ್ಟರ ಮಗ, ಇಪ್ಪತ್ತಮೂರು ವರ್ಷ, ಡಿಪ್ಲೊಮಾ ಮುಗಿಸಿ ನೇರವಾಗಿ ಬಂದವನು. ಚೌಡಪ್ಪನವರಿಗೆ ಐವತ್ತು ದಾಟಿತ್ತು; ನನ್ನ ಅಪ್ಪನಿಗಿಂತ ಒಂದೆರಡು ವರ್ಷ ದೊಡ್ಡವರೇ. ಆದರೂ ನಾನು "ಚೌಡಪ್ಪಾ, ಬಾ ಇಲ್ಲಿ" ಎಂದು ಕರೆಯುತ್ತಿದ್ದೆ. ಅವರು "ಬಂದೆ ಅಯ್ಯಾ" ಎನ್ನುತ್ತಿದ್ದರು. ಆಗ ಅದು ಹಾಗೇ ಇತ್ತು. ಅದರಲ್ಲಿ ವಿಚಾರ ಮಾಡುವಂಥದ್ದು ಏನಾದರೂ ಇದೆಯೆಂದು ನನಗೆ ಹೊಳೆದಿರಲಿಲ್ಲ.

ಅವರ ಊರು ಹೊಸನಗರ ತಾಲ್ಲೂಕಿನಲ್ಲಿ, ಶರಾವತಿಯ ದಡಕ್ಕೆ ಅಂಟಿಕೊಂಡ ಹತ್ತು ಮನೆಯ ಹಳ್ಳಿ. ಮನೆಯವರು ತಲೆತಲಾಂತರದಿಂದ ಗೇಣಿದಾರರು. ಆ ಹಳ್ಳಿಯೂ ಮುಳುಗುವ ಪಟ್ಟಿಯಲ್ಲಿತ್ತು. ಒಮ್ಮೆ ನಾನೇ ಕೇಳಿದ್ದೆ, "ನಿನ್ನ ಊರು ಹೋಗ್ತದಂತಲ್ಲ ಚೌಡಪ್ಪ?" ಎಂದು. ಅವರು ಗ್ರೀಸ್ ಒರೆಸಿಕೊಳ್ಳುತ್ತಾ, "ಹೋಗ್ತದೆ ಅಯ್ಯ. ಅದಕ್ಕೆ ಮುಂಚೆ ಈ ರಸ್ತೆ ಮುಗೀಬೇಕು. ಇಲ್ದಿದ್ರೆ ಜನ ಮಕ್ಳು ಮರಿ, ಸಾಮಾನು ಕಟ್ಕೊಂಡು ಹೋಗೋದು ಹೆಂಗೆ?" ಎಂದರು. ಅಷ್ಟೇ. ಅವರಿಗೆ ಅದು ದುಃಖ ಹೇಳಿಕೊಳ್ಳುವ ವಿಷಯವಾಗಿರಲಿಲ್ಲ. ಮಳೆಗಾಲದೊಳಗೆ ಮುಗಿಸಬೇಕಾದ ಕೆಲಸವಾಗಿತ್ತು.

ನಮ್ಮಲ್ಲಿ ಒಂದು ಹಳೆಯ ಬುಲ್ಡೋಜರ್ ಇತ್ತು. ಅದರ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್. ಚೌಡಪ್ಪನವರು ಅದನ್ನು 'ತಿದಿ' ಎನ್ನುತ್ತಿದ್ದರು, ಕುಲುಮೆಯಲ್ಲಿ ಬೆಂಕಿಗೆ ಗಾಳಿ ಊದುವ ತಿದಿ. ನಾನು ಸೇರಿದ ಮೊದಲ ವಾರವೇ ಕೇಳಿದರು: "ಅಯ್ಯ, ಎಂಜಿನ್ ಒಂದು ಸುತ್ತು ಬಂದ್ರೆ ಈ ತಿದಿ ಎಷ್ಟು ಸುತ್ತು ಬರ್ತದೆ?"

"ಸುಮಾರು ಎರಡು" ಎಂದೆ, ಓದಿದ ನೆನಪಿನಿಂದ.

"ಸುಮಾರು ಅಂದ್ರೆ?"

ಉತ್ತರಕ್ಕೆ ಕಾಯಲಿಲ್ಲ. ಎರಡೂ ಕಡೆ ಸೀಮೆಸುಣ್ಣದಲ್ಲಿ ಗೀಟು ಎಳೆದು, ನನ್ನ ಕೈಗೆ ಉದ್ದನೆಯ ಹಾರೆ ಕೊಟ್ಟು, ನಿಂತ ಎಂಜಿನ್ನನ್ನು ಕೈಯಿಂದಲೇ ತಿರುಗಿಸಲು ಹೇಳಿದರು. ಬೆವರು ಸುರಿಯಿತು. ನಾನು ಹತ್ತು ಸುತ್ತು ತಿರುಗಿಸುವಷ್ಟರಲ್ಲಿ ಅವರು ತಿದಿಯ ಗೀಟನ್ನು ಎಣಿಸಿ, "ಇಪ್ಪತ್ತಕ್ಕೆ ಒಂಚೂರು ಕಮ್ಮಿ" ಎಂದರು. "ನೋಡಿ, ಇದು ಕಟ್ಟಿದ ಎತ್ತು. ನಡುವೆ ಗಿಯರು ಉಂಟು. ಎಂಜಿನ್ ಎಷ್ಟು ಎಳೀತದೋ ಅಷ್ಟೇ ಸುತ್ತು. ಎಂಜಿನ್ ನಿಂತ್ರೆ ಇದೂ ನಿಂತ್ಕೊಳ್ತದೆ. ಬೇರೆ ದಾರಿ ಇಲ್ಲ ಇದಕ್ಕೆ."

ಆಮೇಲೆ ವಿದೇಶದಿಂದ ಹಡಗಿನಲ್ಲಿ ತರಿಸಿದ, ಮಣ್ಣು ಹೊತ್ತು ಸುರಿಯುವ ನಾಲ್ಕು ಹೊಸ ಡಂಪರುಗಳು ನಮ್ಮ ವರ್ಕ್‌ಶಾಪಿಗೆ ಬಂದವು. ಅವುಗಳ ಎಂಜಿನ್ನಿಗೆ ಟರ್ಬೊ ಚಾರ್ಜರ್. ಅಂಥದ್ದನ್ನು ನಮ್ಮಲ್ಲಿ ಯಾರೂ ಕಣ್ಣಾರೆ ಕಂಡವರಲ್ಲ. ನಾನು ಜೊತೆಯಲ್ಲಿ ಬಂದ ಇಂಗ್ಲಿಷ್ ಪುಸ್ತಕ ಹಿಡಿದು ಕೂತೆ, ಚೌಡಪ್ಪನವರು ಬಲಗಿವಿ ನನ್ನ ಕಡೆ ಮಾಡಿ ಎದುರಿಗೆ ಕುಕ್ಕರುಗಾಲಲ್ಲಿ ಕೂತರು. ಎಂಜಿನ್ ಹೊರಗೆ ಬಿಡುವ ಹೊಗೆಯೇ ಒಂದು ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರ ಕೂತ ಕಡ್ಡಿಯ ಇನ್ನೊಂದು ತುದಿಯಲ್ಲಿರುವ ಚಕ್ರ ಒಳಗೆ ಗಾಳಿ ತುಂಬುತ್ತದೆ ಎಂದು ವಿವರಿಸಿದೆ.

"ಇದಕ್ಕೆ ಗಿಯರ್ ಎಲ್ಲಿ?"

"ಇಲ್ಲ."

"ಬೆಲ್ಟು?"

"ಅದೂ ಇಲ್ಲ. ಎಂಜಿನ್ನಿಗೂ ಇದಕ್ಕೂ ಹೊಗೆ ಬಿಟ್ಟರೆ ಬೇರೆ ಯಾವ ನಂಟೂ ಇಲ್ಲ."

ಅವರು ಬಿಡಿಯಾಗಿ ಬಂದಿದ್ದ ಒಂದು ಟರ್ಬೊವನ್ನು ತೊಡೆಯ ಮೇಲಿಟ್ಟುಕೊಂಡು, ಅಂಗೈಯಗಲದ ಚಕ್ರಕ್ಕೆ ಬಾಯಿಂದ ಉಫ್ ಎಂದು ಊದಿದರು. ಚಕ್ರ ಸದ್ದಿಲ್ಲದೆ ತಿರುಗಿತು. ಮಗುವಿನಂತೆ ಮತ್ತೆ ಮತ್ತೆ ಊದಿದರು. "ಎಷ್ಟು ಸುತ್ತಂತೆ?"

"ನಿಮಿಷಕ್ಕೆ ಐವತ್ತು ಸಾವಿರದವರೆಗೆ."

ಅವರು ನನ್ನ ಮುಖ ನೋಡಿದರು. "ಅಯ್ಯ, ಸೊನ್ನೆ ಒಂದು ಜಾಸ್ತಿ ಓದಿದ್ರಾ ನೋಡಿ."

ಮತ್ತೆ ನೋಡಿ, ಇಲ್ಲ, ಸರಿಯಾಗಿಯೇ ಇದೆ ಎಂದೆ.

"ಎಂಜಿನ್ ಎರಡು ಸಾವಿರ ತಿರುಗುವಾಗ ಇದು ಐವತ್ತು ಸಾವಿರ. ಅಂದ್ರೆ ಒಂದಕ್ಕೆ ಇಪ್ಪತ್ತೈದು."

"ಹಾಗೆ ಒಂದೇ ಲೆಕ್ಕ ಹೇಳಲಿಕ್ಕೆ ಆಗಲ್ಲ ಚೌಡಪ್ಪ. ಒಮ್ಮೆ ಹಾಗೆ, ಒಮ್ಮೆ ಅದಕ್ಕಿಂತ ಎಷ್ಟೋ ಕಡಿಮೆ."

"ಯಾವಾಗ ಹಾಗೆ, ಯಾವಾಗ ಕಡಿಮೆ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಮನಸ್ಸು ಬರದೆ, "ಅದೆಲ್ಲ ಪುಸ್ತಕದಲ್ಲಿಲ್ಲ" ಎಂದು ಪುಸ್ತಕ ಮುಚ್ಚಿದೆ. ಚೌಡಪ್ಪನವರು ಎದ್ದು ಪಂಚೆ ಕೊಡವಿಕೊಂಡರು. "ಹಾಗಾದ್ರೆ ಗಾಡಿಯಲ್ಲಿ ಇರ್ತದೆ ಬಿಡಿ" ಎಂದರು.

ಡಂಪರುಗಳು ಗುಡ್ಡ ಕಡಿಯುವಲ್ಲಿ ಕೆಂಪು ಜಂಬಿಟ್ಟಿಗೆ ಮಣ್ಣು ತುಂಬಿಕೊಂಡು ಏರು ಹತ್ತಿ, ಮೇಲೆ ತಗ್ಗು ತುಂಬಿಸುವಲ್ಲಿ ಸುರಿದು ಬರಬೇಕಿತ್ತು. ಸುರಿಯಲು ಸಾಲು ನಿಲ್ಲುವಾಗ ಎಂಜಿನ್ ಸುಮ್ಮನೆ ಓಡುತ್ತಿರುವುದನ್ನು ನೋಡಿ, ಡೀಸೆಲ್ ಹಾಳಾಗುತ್ತದೆಂದು ನಾನೊಂದು ನೋಟೀಸು ಹಚ್ಚಿದೆ: "ಗಾಡಿ ನಿಂತ ಕೂಡಲೇ ಎಂಜಿನ್ ನಿಲ್ಲಿಸತಕ್ಕದ್ದು." ಕೆಳಗೆ ನನ್ನ ರುಜು. ಮ್ಯಾನೇಜರು ಮೈಸೂರಿನ ಕಡೆಯವರು, ಶಿಸ್ತಿನ ಮನುಷ್ಯ. ನೋಟೀಸು ಓದಿ ನನ್ನ ಬೆನ್ನು ತಟ್ಟಿದ್ದರು. ಡ್ರೈವರುಗಳಲ್ಲಿ ಆ ನೋಟೀಸನ್ನು ಅಕ್ಷರಶಃ ಪಾಲಿಸಿದವನು ಇಸ್ಮಾಯಿಲ್, ಸಾಗರದವನೇ, ಗಾಡಿಯನ್ನು ಮನೆಯ ಹಸುವಿನಂತೆ ನೋಡಿಕೊಳ್ಳುವ ಮನುಷ್ಯ.

ಮೊದಲು ಸುಟ್ಟದ್ದು ಅವನ ಗಾಡಿಯ ಟರ್ಬೊ. ಚೌಡಪ್ಪನವರು ಹೊಸದು ಹಾಕಿದರು. ಮೂರು ವಾರದಲ್ಲಿ ಅದೂ ಸುಟ್ಟಿತು. ಮತ್ತೆ ಹತ್ತು ದಿನಕ್ಕೆ ಇನ್ನೊಂದು ಡಂಪರಿನದು. ಬಿಚ್ಚಿದರೆ ನಡುವಿನ ಕಡ್ಡಿ ನೀಲಿಗಟ್ಟಿ, ಬೇರಿಂಗ್ ಕರಗಿ ಅಂಟಿಕೊಂಡಿತ್ತು. ನಾಲ್ಕರಲ್ಲಿ ಎರಡು ಗಾಡಿ ಮೂಲೆ ಸೇರಿದವು. ರಸ್ತೆಯ ಕೆಲಸ ಕುಂಟತೊಡಗಿತು. ಮ್ಯಾನೇಜರು ನನ್ನಿಂದ ರಿಪೋರ್ಟ್ ಕೇಳಿದರು.

ಆ ರಿಪೋರ್ಟನ್ನು ನಾನು ಮುಕ್ಕಾಲು ಗಂಟೆಯಲ್ಲಿ ಬರೆದೆ. ಅಷ್ಟು ವೇಗವಾಗಿ ತಿರುಗುವ ಚಕ್ರಕ್ಕೆ ಒಂದು ಕಾಳು ಮರಳು ಸಾಕು. ಟರ್ಬೊಗಳನ್ನೆಲ್ಲ ಜೋಡಿಸಿದವರು ಚೌಡಪ್ಪನವರು, ಅವರ ಕೈ ಯಾವಾಗಲೂ ಕಪ್ಪಗಿರುತ್ತಿತ್ತು. "ಜೋಡಿಸುವಾಗ ಮೇಸ್ತ್ರಿಯ ಅಜಾಗರೂಕತೆಯಿಂದ ಕಸ ಸೇರಿರುವುದೇ ಕಾರಣ" ಎಂದು ಬರೆದೆ. ಸೇರಿರಬಹುದು ಎಂದು ಕೂಡ ಬರೆಯಲಿಲ್ಲ. ಬೇರೆ ಕಾರಣ ಹುಡುಕುವ ಕಷ್ಟ ತೆಗೆದುಕೊಳ್ಳಲೂ ಇಲ್ಲ.

ಮ್ಯಾನೇಜರು ಅವರನ್ನು ಕರೆಸಿ ನನ್ನೆದುರೇ ಹೇಳಿದರು: "ಕಿವಿ ಕೇಳದ ಮೇಸ್ತ್ರಿಯನ್ನ ಇಟ್ಕೊಂಡಿದ್ದೇ ನಮ್ಮ ತಪ್ಪು. ಶಿವಮೊಗ್ಗದಿಂದ ಬೇರೆಯವರು ಬರ್ತಾರೆ. ನೀನು ಹೊರಡಬಹುದು."

ಚೌಡಪ್ಪನವರು ತಲೆ ವಾಲಿಸಿ ಪೂರ್ತಿ ಕೇಳಿಸಿಕೊಂಡರು. ದನಿ ಏರಿಸಲಿಲ್ಲ, ಕೈ ಮುಗಿಯಲೂ ಇಲ್ಲ. "ನನ್ನ ಕೈ ತಪ್ಪಿದ್ರೆ ಹೋಗ್ತೀನಿ ಸಾಹೇಬ್ರೆ. ತಪ್ಪಿದ್ದು ಕೈಯೋ ಇನ್ನೊಂದೋ, ಅದು ಗೊತ್ತಾಗ್ಬೇಕು. ಗೊತ್ತಾಗದೆ ಹೋದ್ರೆ ಶಿವಮೊಗ್ಗದವ್ನು ಹಾಕಿದ್ದೂ ಸುಡ್ತದೆ. ಎಂಟು ದಿನ ಕೊಡಿ."

ಶಿವಮೊಗ್ಗದವನು ಬರುವುದಕ್ಕೂ ಅಷ್ಟು ದಿನವಿತ್ತು. ಮ್ಯಾನೇಜರು ಒಪ್ಪಿದರು.

ಮರುದಿನ ಬೆಳಿಗ್ಗೆ ಚೌಡಪ್ಪನವರು ರೊಟ್ಟಿ ಕಟ್ಟಿಕೊಂಡು, ಸಲಾಕೆ ಹಿಡಿದು ಏರಿಗೆ ಹೋದರು. ಉಳಿದ ಎರಡರಲ್ಲಿ ಇಸ್ಮಾಯಿಲ್ ಈಗ ನಡೆಸುತ್ತಿದ್ದ ಡಂಪರಿನ ಬಾನೆಟ್ ತೆಗೆಸಿ, ಮಡ್‌ಗಾರ್ಡಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಸಲಾಕೆಯನ್ನು ಟರ್ಬೊಗೆ ಒತ್ತಿ ಕಚ್ಚಿಕೊಂಡೇ ಏರುವುದು, ಇಳಿಯುವುದು. ಕೆಂಪು ಧೂಳಿನಲ್ಲಿ ಕಣ್ಣು ಮಾತ್ರ ಕಾಣುತ್ತಿತ್ತು. ಮೂರನೆಯ ದಿನ ಗಾಡಿ ಗುಂಡಿಗೆ ಬಿದ್ದು ಸಲಾಕೆ ಎದ್ದು ಹೊಡೆದು ಮುಂಬಲ್ಲೊಂದು ಮುರಿಯಿತು. ಇಸ್ಮಾಯಿಲ್ ಗಾಡಿ ನಿಲ್ಲಿಸಿ, "ಸಾಕು ಇಳೀರಿ ಮೇಸ್ತ್ರಿ, ಸಾಯ್ತೀರಾ" ಎಂದು ಬೇಡಿಕೊಂಡನಂತೆ. ಇವರು ರಕ್ತ ಉಗಿದು, "ಪಕ್ಕದ್ದು ಉಂಟಲ್ಲ, ನಡಿ" ಎಂದರಂತೆ.

ನಾಲ್ಕನೆಯ ದಿನ ನನ್ನ ಹತ್ತಿರ ಬಂದರು. ತುಟಿ ಊದಿತ್ತು. "ಅಯ್ಯ, ನಾ ಅವತ್ತು ಕೇಳಿದ್ದಕ್ಕೆ ಉತ್ರ ಸಿಕ್ತು. ಖಾಲಿ ಗಾಡಿ ಇಳೀವಾಗ, ತುಂಬಿದ ಗಾಡಿ ಏರುವಾಗ ಎಂಜಿನ್ ಸುತ್ತು ತೋರ್ಸೋ ಮುಳ್ಳು ಒಂದೇ ಕಡೆ ನಿಲ್ಲೋ ಹಂಗೆ ಇಸ್ಮಾಯಿಲನ ಹತ್ರ ಓಡ್ಸಿದೆ. ಎಂಜಿನ್ ಸುತ್ತು ಒಂದೇ. ಆದ್ರೆ ಇದರ ದನಿ ಇಳೀವಾಗ ನೊಣದಂಗೆ, ಏರುವಾಗ ಸಿಳ್ಳೆಯಂಗೆ. ತಿದಿ ಎಂಜಿನ್ನಿನ ಸುತ್ತು ನೋಡ್ತದೆ. ಇದು ಹೊರೆ ನೋಡ್ತದೆ. ಹೊರೆ ಹೆಚ್ಚಾದಷ್ಟೂ ಹೊಗೆ ಬಿಸಿ, ಹೊಗೆ ಬಿಸಿಯಾದಷ್ಟೂ ಇದರ ಓಟ."

"ಸರಿ. ಸುಟ್ಟಿದ್ದು ಯಾಕೆ?" ಎಂದೆ, ಒರಟಾಗಿಯೇ.

"ಅದಿನ್ನೂ ಗೊತ್ತಾಗಿಲ್ಲ. ಇನ್ನೂ ನಾಕು ದಿನ ಉಂಟಲ್ಲ" ಎಂದು ಹೊರಟುಹೋದರು.

ಗೊತ್ತಾದದ್ದು ಆರನೆಯ ದಿನ ಮಧ್ಯಾಹ್ನ. ತುಂಬಿದ ಗಾಡಿ ಏರು ಹತ್ತಿ ಸಾಲಿನಲ್ಲಿ ನಿಂತಿತು. ನೋಟೀಸಿನ ಪ್ರಕಾರ ಇಸ್ಮಾಯಿಲ್ ಆ ಕ್ಷಣವೇ ಎಂಜಿನ್ ನಿಲ್ಲಿಸಿದ. ಉಳಿದ ದಿನ ಎಂಜಿನ್ ನಿಂತ ಕೂಡಲೇ ಸಲಾಕೆ ತೆಗೆಯುತ್ತಿದ್ದ ಚೌಡಪ್ಪನವರು ಅಂದು ದಣಿದು ಹಾಗೆಯೇ ಒರಗಿದ್ದರು. ಸುತ್ತ ಎಲ್ಲ ನಿಶ್ಶಬ್ದ. ಅವರ ಬುರುಡೆಯೊಳಗೆ ಮಾತ್ರ ಸಿಳ್ಳೆ ನಿಂತಿರಲಿಲ್ಲ.

ಖಾಲಿ ಡಂಪರಿನ ಹಿಂಬದಿಯಲ್ಲಿ ನಿಂತುಕೊಂಡೇ ವರ್ಕ್‌ಶಾಪಿಗೆ ಬಂದರು. ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಎಂಜಿನ್ ಸತ್ತ ಮೇಲೂ ಅದು ಬದುಕಿರ್ತದೆ ಅಯ್ಯ! ನಲವತ್ತು ಎಣಿಸೋವರೆಗೂ ತಿರುಗ್ತದೆ. ಎಣ್ಣೆ ಒತ್ತಡದ ಮುಳ್ಳು ಮೂರು ಎಣಿಸೋದ್ರೊಳಗೆ ಸೊನ್ನೆಗೆ ಬೀಳ್ತದೆ. ಎಣ್ಣೆ ಕೊಡೋದು ಎಂಜಿನ್ನು, ಅದು ನಿಂತ್ರೆ ಎಣ್ಣೆ ಎಲ್ಲಿಂದ? ಕಾದ ಕೆಂಡದಂಥ ಚಕ್ರ ಒಣಗಿದ ಬೇರಿಂಗಲ್ಲಿ ತಿರುಗಿದ್ರೆ ಸುಡದೆ ಎಂತ ಆಗ್ತದೆ?" ಉಸಿರು ತೆಗೆದುಕೊಂಡು ಹೇಳಿದರು: "ಆ ಪುಸ್ತಕದಲ್ಲಿ ನಿಲ್ಲಿಸೋದು ಹೆಂಗೆ ಅಂತ ಬರ್ದಿರ್ಬೇಕು. ಓದಿ."

ಜೋಡಿಸುವ ಪುಟ, ಚಾಲೂ ಮಾಡುವ ಪುಟ ನಾನು ಓದಿದ್ದೆ. ನಿಲ್ಲಿಸುವುದಕ್ಕೂ ಒಂದು ಪುಟ ಇರುತ್ತದೆಂದು ತೆಗೆದು ನೋಡಿರಲಿಲ್ಲ. ಇತ್ತು. ಹೊರೆ ಎಳೆದ ಎಂಜಿನ್ನನ್ನು ನಿಲ್ಲಿಸುವ ಮುನ್ನ ಕೆಲವು ನಿಮಿಷ ನಿಧಾನಕ್ಕೆ ಓಡಲು ಬಿಡಬೇಕು ಎಂದು ದಪ್ಪ ಅಕ್ಷರದಲ್ಲೇ ಇತ್ತು. ಗೋಡೆಯ ಮೇಲೆ ನನ್ನ ನೋಟೀಸು ನೇತಾಡುತ್ತಿತ್ತು. ಚೌಡಪ್ಪನವರಿಗೆ ಓದಲು ಬರುತ್ತಿರಲಿಲ್ಲ. ಆದರೆ ಆ ಕಾಗದದಲ್ಲಿ ಏನಿದೆ, ಯಾರು ಬರೆದದ್ದು ಎಂದು ಅವರಿಗೆ ಗೊತ್ತಿತ್ತು. ಅದರ ಕಡೆ ಒಮ್ಮೆಯೂ ನೋಡಲಿಲ್ಲ.

"ಬರ್ದಿದೆಯಾ?"

"ಹೂಂ" ಎಂದೆ.

"ಹಾಗಾದ್ರೆ ಆಯ್ತು. ನಾ ಹೇಳಿದ್ರೆ ಕಿವುಡನ ಮಾತು. ನೀವು ಹೇಳಿದ್ರೆ ಪುಸ್ತಕದ ಮಾತು." ಅಷ್ಟು ಹೇಳಿ ಕೈತೊಳೆಯಲು ಹೋದರು.

ನಾನು ಅಂದೇ ಮ್ಯಾನೇಜರ ಬಳಿ ಹೋಗಬೇಕಿತ್ತು. ಹೋಗಲಿಲ್ಲ. ಮಾರನೆಯ ದಿನವೂ ಹೋಗಲಿಲ್ಲ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಮನೆಯಲ್ಲಿ ತಂಗಿಯ ಮದುವೆಯ ಮಾತುಕತೆ ನಡೆದಿತ್ತು. ಹೀಗೆ ನನಗೆ ನಾನೇ ಹೇಳಿಕೊಂಡ ನೆಪಗಳು ಇನ್ನೂ ಇವೆ. ಚೌಡಪ್ಪನವರು ಒತ್ತಾಯಿಸಲಿಲ್ಲ, ನೆನಪಿಸಲೂ ಇಲ್ಲ. ಎಂದಿನಂತೆ ಕೆಲಸ ಮಾಡಿಕೊಂಡಿದ್ದರು.

ಎಂಟನೆಯ ದಿನ ಮ್ಯಾನೇಜರು ತಾವೇ ಏರಿಗೆ ಬಂದರು. "ಏನಾಯ್ತಪ್ಪ ನಿನ್ನ ತಪಸ್ಸು?" ಎಂದು ಕೇಳಿದರು. ಚೌಡಪ್ಪನವರು ಸಲಾಕೆಯನ್ನು ಪಂಚೆಯ ಚುಂಗಿನಿಂದ ಚೆನ್ನಾಗಿ ಒರೆಸಿ ಮುಂದೆ ಹಿಡಿದರು. "ಬಾಯಲ್ಲಿ ಹೇಳಿದ್ರೆ ನಂಬೋದು ಕಷ್ಟ. ಒಂದು ಸಲ ಕಚ್ಚಿ ನೋಡಿ ಸಾಹೇಬ್ರೆ."

ಮ್ಯಾನೇಜರು ನಕ್ಕರು. ಇವರು ನಗಲಿಲ್ಲ, ಕೈ ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಸುತ್ತ ಕೂಲಿಯವರು ನೆರೆದಿದ್ದರು. ಕೊನೆಗೆ ಮ್ಯಾನೇಜರು ಟೋಪಿ ತೆಗೆದು, ಕರವಸ್ತ್ರದಿಂದ ಸಲಾಕೆಯನ್ನು ಇನ್ನೊಮ್ಮೆ ಒರೆಸಿ, ಬಗ್ಗಿ ಕಚ್ಚಿದರು. ಆಗಷ್ಟೇ ಏರು ಹತ್ತಿ ಬಂದಿದ್ದ ಎಂಜಿನ್ನನ್ನು ಇಸ್ಮಾಯಿಲ್ ನಿಲ್ಲಿಸಿದ. ಚೌಡಪ್ಪನವರು ಗಟ್ಟಿಯಾಗಿ ಎಣಿಸತೊಡಗಿದರು. ಹತ್ತು. ಇಪ್ಪತ್ತು. ಮ್ಯಾನೇಜರ ಹುಬ್ಬು ಮೇಲೇರಿತು. ಮೂವತ್ತೆಂಟಕ್ಕೆ ಅವರು ಸಲಾಕೆ ಬಿಟ್ಟು ನೆಟ್ಟಗೆ ನಿಂತರು. ದಡ್ಡರಲ್ಲ ಅವರು, ಎಣ್ಣೆಯ ಮುಳ್ಳನ್ನು ತಾವೇ ಬಗ್ಗಿ ನೋಡಿದರು.

"ಹೀಗೆ ನಿಂತ ಕೂಡಲೇ ಆಫ್ ಮಾಡು ಅಂದವರು ಯಾರು?" ಎಂದು ಇಸ್ಮಾಯಿಲನನ್ನು ಕೇಳಿದರು. ಆ ನೋಟೀಸಿಗೆ ನನ್ನ ಬೆನ್ನು ತಟ್ಟಿದ್ದು ಅವರಿಗೆ ಮರೆತೇಹೋಗಿತ್ತು.

ಇಸ್ಮಾಯಿಲ್ ತನ್ನ ಚಪ್ಪಲಿ ನೋಡುತ್ತಾ ನಿಂತ. ಚೌಡಪ್ಪನವರು ಗುಡ್ಡದ ಕಡೆ ತಿರುಗಿದರು. ಇಬ್ಬರೂ ನನ್ನ ಹೆಸರು ಹೇಳುವವರಲ್ಲ ಎಂದು ತಿಳಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

"ನಾನು ಸಾರ್" ಎಂದೆ. "ನೋಟೀಸು ನಂದು. ಪುಸ್ತಕದಲ್ಲಿ ಬೇರೆಯೇ ಇದೆ, ನಾನು ಓದಿರಲಿಲ್ಲ. ರಿಪೋರ್ಟ್‌ನಲ್ಲಿ ಬರೆದದ್ದೂ ಸುಳ್ಳು. ಮೇಸ್ತ್ರಿ ಕೈ ತಪ್ಪಿಲ್ಲ."

ಶಿವಮೊಗ್ಗದವನಿಗೆ ಬರುವುದು ಬೇಡವೆಂದು ಮ್ಯಾನೇಜರು ಹೇಳಿ ಕಳಿಸಿದರು. ಸಂಜೆಯೊಳಗೆ ಹೊಸ ನೋಟೀಸು ಬಂತು. ಎಷ್ಟು ನಿಮಿಷ ಎಂದು ಬರೆಯಲು ಹೊರಟರೆ ಚೌಡಪ್ಪನವರು ತಡೆದರು. ಡ್ರೈವರುಗಳ ಕೈಯಲ್ಲಿ ವಾಚಿಲ್ಲ. "ಒಂದು ಬೀಡಿ ಸೇದಿ ಮುಗಿಯುವವರೆಗೆ ಎಂಜಿನ್ ನಿಧಾನಕ್ಕೆ ಓಡಲಿ, ಆಮೇಲೆ ನಿಲ್ಲಿಸಿ" ಎಂದು ಅವರು ಹೇಳಿದಂತೆಯೇ ಬರೆದೆ. ಅಷ್ಟು ನಿಷ್ಠೆಯಿಂದ ಪಾಲನೆಯಾದ ಆಜ್ಞೆ ಆ ಕೆಲಸದಲ್ಲಿ ಇನ್ನೊಂದಿರಲಿಲ್ಲ. ಆಮೇಲೆ ಟರ್ಬೊ ಸುಡಲಿಲ್ಲ. ಮಳೆ ಹಿಡಿಯುವ ಮುಂಚೆ ಗಾಡಿಗಳು ಹೊಸನಗರದ ಕಡೆಗೆ ದಾಟುವಷ್ಟು ರಸ್ತೆಯಾಯಿತು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಕೋಣಂದೂರಿನ ಹತ್ತಿರ ಜಲ್ಲಿ ಒಡೆಸುವ ಕಡೆಗೆ ಹಾಕಿದರು. ಹೊರಡುವ ದಿನ ಶೆಡ್ಡಿನ ಬಾಗಿಲಲ್ಲಿ ನಿಂತು, "ಬರ್ತೀನಿ ಚೌಡಪ್ಪನವರೇ" ಎಂದೆ. ಅವರು ಯಾರನ್ನು ಕರೆದೆನೋ ಎಂದು ಹಿಂದೆ ತಿರುಗಿ ನೋಡಿದರು.

ಮರುವರ್ಷದ ಬೇಸಿಗೆ. ಕೋಣಂದೂರಿನಲ್ಲಿ ಸಂತೆಯ ದಿನ. ಸಾಮಾನು ತುಂಬಿದ ಲಾರಿಯೊಂದು ಪೇಟೆಯ ನಡುವೆ ನಿಂತಿತು. ನಡೆಸುತ್ತಿದ್ದವನು ಇಸ್ಮಾಯಿಲ್. ಪಕ್ಕದಲ್ಲಿ ಕೋಳಿಗಳ ಬುಟ್ಟಿ ಮಡಿಲಲ್ಲಿಟ್ಟುಕೊಂಡ ಹೆಂಗಸು, ಚೌಡಪ್ಪನವರ ಹೆಂಡತಿ ಗಂಗಮ್ಮ. ಹಿಂದೆ ಬಾಗಿಲ ಚೌಕಟ್ಟು, ಒರಳು, ಚಾಪೆಯ ಸುರುಳಿಗಳ ಮಧ್ಯೆ ಒಂದು ಹಳೆಯ ಡೀಸೆಲ್ ಎಂಜಿನ್ನಿಗೆ ಒರಗಿ ಚೌಡಪ್ಪನವರು ಕೂತಿದ್ದರು.

"ಊರು ಬಿಟ್ಟು ಬಂದ್ರಾ?" ಎಂದೆ.

"ಬಿಟ್ಟಿದ್ದಲ್ಲ ಅಯ್ಯ, ಬಿಡಿಸಿದ್ದು." ಶಿವಮೊಗ್ಗದ ಆಚೆ ಜಾಗ ಕೊಟ್ಟಿದ್ದಾರೆ, ಬರೀ ಕಲ್ಲು, ಸುತ್ತ ಹತ್ತು ಹಳ್ಳಿಗೆ ಭತ್ತದ ಗಿರಣಿ ಇಲ್ಲವಂತೆ, ಈ ಎಂಜಿನ್ ಕೂರಿಸಿ ಗಿರಣಿ ಹಾಕುತ್ತೇನೆ ಎಂದರು. ಹಾಕಬೇಕು ಅಂತಿದ್ದೇನೆ ಎನ್ನಲಿಲ್ಲ.

ಮ್ಯಾನೇಜರ ಮುಂದೆ ನಾನು ತಪ್ಪು ಒಪ್ಪಿಕೊಂಡಿದ್ದೆ. ಚೌಡಪ್ಪನವರ ಮುಂದೆ ಒಪ್ಪಿಕೊಂಡಿರಲಿಲ್ಲ. ಲಾರಿಯ ಪಕ್ಕಕ್ಕೆ ಹೋಗಿ, ಆ ರಿಪೋರ್ಟ್ ಬರೆದು ನಿಮಗೆ ಅನ್ಯಾಯ ಮಾಡಿದೆ, ಕ್ಷಮಿಸಿ ಎಂದು ತಗ್ಗಿದ ದನಿಯಲ್ಲಿ ಹೇಳಿದೆ. ಅವರು ಬಗ್ಗಿ, "ಎಂತ?" ಎಂದರು. ಇನ್ನೊಮ್ಮೆ ಹೇಳಿದೆ. "ಎಂತ ಅಂದ್ರಿ?" ಕೊನೆಗೆ ಸಂತೆಯ ಜನವೆಲ್ಲ ತಿರುಗಿ ನೋಡುವಂತೆ ಕೂಗಿದೆ: "ತಪ್ಪು ನಂದು! ನಿಮ್ಮ ಮೇಲೆ ಸುಳ್ಳು ಬರೆದೆ! ಕ್ಷಮಿಸಿ!"

ಮೆಣಸಿನಕಾಯಿ ಮಾರುತ್ತಿದ್ದವಳು ತಕ್ಕಡಿ ಹಿಡಿದೇ ನಿಂತಳು. ಚೌಡಪ್ಪನವರು ಮುರಿದ ಹಲ್ಲು ತೋರಿಸಿ ನಕ್ಕರು. "ಮೊದಲ್ನೇ ಸಲಾನೇ ಕೇಳಿತ್ತು ಅಯ್ಯ" ಎಂದು ಕೈ ಚಾಚಿ ನನ್ನ ಭುಜ ಗಟ್ಟಿಯಾಗಿ ಹಿಡಿದರು. ಲಾರಿ ಹೊರಟಿತು.

ಆಮೇಲೆ ಅವರನ್ನು ನಾನು ನೋಡಲಿಲ್ಲ. ನಾಲ್ಕೈದು ವರ್ಷ ಹೋಗಬೇಕು ಹೋಗಬೇಕು ಎನ್ನುತ್ತಲೇ ಕಳೆದು, ದಶಕ ಮುಗಿಯುವ ಹೊತ್ತಿಗೆ ಒಂದು ಸುಗ್ಗಿಯಲ್ಲಿ ವಿಳಾಸ ಹುಡುಕಿಕೊಂಡು ಹೋದೆ. ಕಲ್ಲುಗಳನ್ನು ಬದುವಿಗೆ ಒಟ್ಟಿ ಗದ್ದೆ ಮಾಡಿದ್ದರು. ಊರ ಬಾಯಲ್ಲೇ ಹೆಂಚು ಹೊದಿಸಿದ ಭತ್ತದ ಗಿರಣಿ. ಒಳಗೆ ಗಂಗಮ್ಮ ತಲೆಗೆ ಬಟ್ಟೆ ಸುತ್ತಿಕೊಂಡು, ಬೆಲ್ಟಿನ ಪಕ್ಕ ನಿಂತು ಹೆಗಲ ಮೂಟೆಯಿಂದ ಭತ್ತ ಸುರಿಯುತ್ತಿದ್ದರು. ಮೈಯೆಲ್ಲ ತೌಡು.

"ಚೌಡಪ್ಪನವರನ್ನ ನೋಡಲಿಕ್ಕೆ ಬಂದೆ" ಎಂದೆ.

ಅವರು ನನ್ನನ್ನು ಒಂದು ಗಳಿಗೆ ದಿಟ್ಟಿಸಿದರು. "ಅವ್ರಿಲ್ಲ. ಹೋಗಿ ಎರಡು ವರ್ಷ ಆಯ್ತು" ಎಂದರು. ಹೆಗಲ ಮೇಲಿನ ಮೂಟೆಯನ್ನು ಇಳಿಸಲಿಲ್ಲ. "ಗೋಡೆ ಎದ್ದಿತ್ತು, ಎಂಜಿನ್ ಕೂತಿತ್ತು. ಹೆಂಚು ಹೊದಿಸೋದು ಒಂದು ಬಾಕಿ. ಅದನ್ನ ನಾ ಹೊದಿಸ್ದೆ." ಹೊರಗೆ ಭತ್ತದ ಚೀಲ ಇಟ್ಟುಕೊಂಡು ಇಬ್ಬರು ಕಾದಿದ್ದರು.

"ಕೂತ್ಕೊಳ್ಳಿ" ಎಂದರು ಗಂಗಮ್ಮ. "ದೂರದಿಂದ ಬಂದೋರು ಇವ್ರು. ಇಬ್ಬರದ್ದು ಮುಗಿಸಿ ಬರ್ತೀನಿ, ಆಮೇಲೆ ಮಾತಾಡಾಣ."

ನಾನು ಖಾಲಿ ಚೀಲವೊಂದನ್ನು ಹಾಸಿಕೊಂಡು ಬಾಗಿಲ ಪಕ್ಕ ಕೂತೆ.